ತೆರಿಗೆ ನಂಬರ್ ತಾನಾಗಿ ಬಂತು, ಓಟು ಬರಲಿಲ್ಲ

ಕಳೆದ ತಿಂಗಳು ಮಗಳ ಹೆಸರಿಗೆ ಒಂದು ಸರ್ಕಾರಿ ಲಕೋಟೆ ಬಂತು. ಅವಳಿಗೆ 16 ತುಂಬೋಕೆ ಇನ್ನೂ ಎರಡು ವಾರ ಇತ್ತು. ಒಡೆದು ನೋಡಿದರೆ ನ್ಯಾಷನಲ್ ಇನ್ಶೂರೆನ್ಸ್ ನಂಬರ್. ಬ್ರಿಟನ್ನಿನಲ್ಲಿ ಕೆಲಸಕ್ಕೆ ಸೇರಲು, ತೆರಿಗೆ ಕಟ್ಟಲು ಬೇಕಾದ ನಂಬರ್ ಅದು. ನಾವು ಅರ್ಜಿ ಹಾಕಿರಲಿಲ್ಲ, ಯಾವ ಕಚೇರಿಗೂ ಅಲೆದಿರಲಿಲ್ಲ. ಹುಟ್ಟಿದ ದಿನ ನೆನಪಿಟ್ಟುಕೊಂಡು, ಸರಿಯಾದ ಮನೆಗೆ, ಸರಿಯಾದ ಹೆಸರಿಗೆ ಸರ್ಕಾರವೇ ಕಳಿಸಿತ್ತು.

ಮಗಳು ಅದನ್ನು ತಿರುವಿ ಮುರುವಿ ನೋಡಿ, "ಅಮ್ಮಾ, ಓಟಿಂದು ಯಾವಾಗ ಬರುತ್ತೆ?" ಅಂದಳು.

ಅದು ಬರಲ್ಲ ಕಣೇ. ಅದನ್ನು ನಾವೇ ಹೋಗಿ ಕೇಳಬೇಕು.

ಅವತ್ತಿನಿಂದ ಈ ವಿಷಯ ನನ್ನ ತಲೆಯಲ್ಲಿ ಕೊರೆಯುತ್ತಿದೆ. ಬ್ರಿಟನ್ನಿನ ಯುವಜನರಿಗೆ ರಾಜಕೀಯದಲ್ಲಿ ಆಸಕ್ತಿ ಇಲ್ಲ, ಫೋನ್ ಬಿಟ್ಟು ತಲೆ ಎತ್ತಲ್ಲ ಅಂತ ಟಿವಿಯಲ್ಲಿ ಕುಳಿತವರು ಆರಾಮಾಗಿ ಹೇಳುತ್ತಾರೆ. ತೆರಿಗೆ ವಸೂಲಿಗೆ ಮನೆ ಬಾಗಿಲು ಹುಡುಕಿಕೊಂಡು ಬರುವ ಸರ್ಕಾರ, ಓಟಿನ ವಿಷಯ ಬಂದಾಗ ಮಾತ್ರ "ನೀನೇ ಬಾ" ಅನ್ನುತ್ತದೆ. ಆಸಕ್ತಿ ಯಾರಿಗೆ ಇಲ್ಲ ಸ್ವಾಮಿ?

ನಾನು ಇರೋದು ರೆಡಿಂಗ್‌ನಲ್ಲಿ. (ಸ್ಪೆಲಿಂಗ್ ನೋಡಿ ಎಲ್ಲರೂ ರೀಡಿಂಗ್ ಅಂತಾರೆ. ನಾನೂ ಮೊದಲ ಆರು ತಿಂಗಳು ಹಾಗೇ ಅಂದಿದ್ದೆ.) ಊರು ಮೈಸೂರು. ಬಂದಿದ್ದು 2011ರಲ್ಲಿ. ಮೊದಲ ಸಲ ಇಲ್ಲಿ ಓಟು ಹಾಕಿದ್ದು 2015ರ ಮೇ ತಿಂಗಳಲ್ಲಿ, ಕೈಯಲ್ಲಿ ಇನ್ನೂ ಭಾರತದ ಪಾಸ್‌ಪೋರ್ಟೇ ಇದ್ದಾಗ. ಹೌದು, ಹಾಕಬಹುದು. ಕಾಮನ್‌ವೆಲ್ತ್ ದೇಶಗಳ ಪ್ರಜೆಗಳು ಇಲ್ಲಿ ಸರಿಯಾದ ವೀಸಾ ಮೇಲೆ ನೆಲೆಸಿದ್ದರೆ ಪಾರ್ಲಿಮೆಂಟ್ ಚುನಾವಣೆಯಲ್ಲೂ ಓಟು ಹಾಕಬಹುದು. ಪಕ್ಕದ ಫ್ರಾನ್ಸಿನವರಿಗೆ, ಜರ್ಮನಿಯವರಿಗೆ ಈ ಹಕ್ಕಿಲ್ಲ. ನಮಗಿದೆ.

ಆ ದಿನ ಚರ್ಚಿನ ಹಾಲ್‌ಗೆ ಹೋಗಿ ಹೆಸರು, ವಿಳಾಸ ಹೇಳಿದೆ. ಗುರುತಿನ ಚೀಟಿ ಯಾರೂ ಕೇಳಲಿಲ್ಲ. ಉದ್ದನೆಯ ಕಾಗದ ಕೊಟ್ಟರು. ದಾರ ಕಟ್ಟಿದ ಒಂದು ಪೆನ್ಸಿಲ್ ತುಂಡು. ಪೆನ್ಸಿಲ್ಲಿನಲ್ಲಿ ಇಂಟು ಮಾರ್ಕ್ ಹಾಕಿ ಬಂದೆ. ಸಂಜೆ ಅಮ್ಮನಿಗೆ ಫೋನ್ ಮಾಡಿದರೆ ಅವರ ಮೊದಲ ಪ್ರಶ್ನೆ, "ಬೆರಳಿಗೆ ಶಾಯಿ ಹಾಕ್ಲಿಲ್ವಾ?" ದೇಶಕ್ಕೆಲ್ಲ ಓಟಿನ ಶಾಯಿ ತಯಾರಿಸಿ ಕೊಡುವ ಊರಿನವರು ನಾವು. ಶಾಯಿ ಇಲ್ಲದ ಓಟು ಅಮ್ಮನ ಲೆಕ್ಕದಲ್ಲಿ ಓಟೇ ಅಲ್ಲ.

ಇರಲಿ. ಮಗಳ ವಿಷಯಕ್ಕೆ ಬರುತ್ತೇನೆ.

2025ರ ಜುಲೈನಲ್ಲಿ ಲೇಬರ್ ಸರ್ಕಾರ ಒಂದು ಘೋಷಣೆ ಮಾಡಿತು. ಮುಂದಿನ ಮಹಾಚುನಾವಣೆ ಹೊತ್ತಿಗೆ ಇಡೀ ಬ್ರಿಟನ್ನಿನಲ್ಲಿ ಓಟಿನ ವಯಸ್ಸು 18ರಿಂದ 16ಕ್ಕೆ ಇಳಿಯುತ್ತದೆ ಅಂತ. ಸುಮಾರು 15 ಲಕ್ಷ ಹುಡುಗ ಹುಡುಗಿಯರಿಗೆ ಹೊಸದಾಗಿ ಓಟು ಸಿಗುವ ಲೆಕ್ಕ. ಸುದ್ದಿ ಬಂದ ದಿನ ನಮ್ಮ ಮನೆಯ ಊಟದ ಟೇಬಲ್ಲಿನ ಮೇಲೆ ಯುದ್ಧ. ನಮ್ಮನೆಯವರು, "ಬೆಳಿಗ್ಗೆ ಎದ್ದು ಹಾಸಿಗೆ ಮಡಿಸೋಕೆ ಬರಲ್ಲ, ದೇಶ ನಡೆಸೋರನ್ನ ಆರಿಸ್ತಾಳಂತೆ" ಅಂದರು. ಮಗಳು, "ಅಪ್ಪಾ, ನೀವೂ ಹಾಸಿಗೆ ಮಡಿಸಲ್ಲ" ಅಂದಳು. ಅಲ್ಲಿಗೆ ಮೊದಲ ಸುತ್ತು ಮುಗಿಯಿತು.

ಎರಡನೇ ಸುತ್ತಿನಲ್ಲಿ ಅವಳೇ ಲೆಕ್ಕ ಹಾಕಿ ಪೆಚ್ಚಾದಳು. ಮುಂದಿನ ಚುನಾವಣೆ 2029ರ ಆಗಸ್ಟ್ ಒಳಗೆ ನಡೆಯಬೇಕು. ಕೊನೆಯವರೆಗೂ ಎಳೆದರೆ ಅಷ್ಟು ಹೊತ್ತಿಗೆ ಅವಳಿಗೆ 19 ದಾಟಿರುತ್ತದೆ. ಹೊಸ ಕಾನೂನಿಂದ ಅವಳಿಗೆ ಮೂರು ಕಾಸಿನ ಲಾಭ ಇಲ್ಲ. ಲಾಭ ಆಗೋದು ಅವಳ ತಮ್ಮನಿಗೆ. ಅವನಿಗೀಗ 12. ಸುದ್ದಿ ಬಂದಾಗ ಅವನು ಫುಟ್‌ಬಾಲ್ ಸ್ಟಿಕ್ಕರ್ ಅಂಟಿಸುತ್ತಿದ್ದ.

ಇದನ್ನು ಯಾರೂ ಗಟ್ಟಿಯಾಗಿ ಹೇಳುತ್ತಿಲ್ಲ ನೋಡಿ. 2029ರಲ್ಲಿ ಓಟು ಹಾಕಲಿರುವ 16ರ ಮಕ್ಕಳು ಈಗ 12ರ ಮಕ್ಕಳು. ಪಕ್ಷಗಳು ಇವತ್ತಿನ 16ರವರಿಗಾಗಿ ವಿಡಿಯೋ ಮಾಡುತ್ತಿವೆ. ಕಲಿಸಬೇಕಾದ್ದು ಆರು, ಏಳನೇ ಕ್ಲಾಸಿನ ಪ್ರಾಯದವರಿಗೆ, ಅದೂ ಈಗ. ಇಂಗ್ಲೆಂಡಿನ ಪಠ್ಯಕ್ರಮದಲ್ಲಿ ಪೌರನೀತಿ 2002ರಿಂದ ಪ್ರೌಢಶಾಲೆಗೆ ಕಡ್ಡಾಯ ವಿಷಯ. ಆದರೆ ಅಕಾಡೆಮಿ ಅಂತ ಕರೆಸಿಕೊಳ್ಳುವ ಶಾಲೆಗಳು ರಾಷ್ಟ್ರೀಯ ಪಠ್ಯಕ್ರಮ ಪಾಲಿಸಲೇಬೇಕು ಅಂತಿಲ್ಲ. ಈಗ ಪ್ರೌಢಶಾಲೆಗಳಲ್ಲಿ ಬಹುಪಾಲು ಅವೇ. ನನ್ನ ಮಗಳಿಗೆ ಹೆಂಗಸರು ಓಟಿಗಾಗಿ ಜೈಲಿಗೆ ಹೋದ ಕಥೆ ಗೊತ್ತು, 1918ರಲ್ಲಿ 30 ದಾಟಿದ ಹೆಂಗಸರಿಗೆ, 1928ರಲ್ಲಿ ಗಂಡಸರ ಸಮಕ್ಕೆ ಓಟು ಸಿಕ್ಕಿದ್ದು ಗೊತ್ತು. ನಮ್ಮ ವಾರ್ಡಿನ ಮೂವರು ಕೌನ್ಸಿಲರ್‌ಗಳು ಯಾರು ಗೊತ್ತಿಲ್ಲ. ಅವಳನ್ನು ಬೈಯೋಕೆ ಹೋದೆ. ಆಮೇಲೆ ನನಗೂ ಮೂವರಲ್ಲಿ ಒಬ್ಬರ ಹೆಸರು ಮಾತ್ರ ಗೊತ್ತು ಅಂತ ನೆನಪಾಗಿ ಸುಮ್ಮನಾದೆ.

ಈಗ ನನ್ನ ವಾದ ಹೇಳಿಬಿಡುತ್ತೇನೆ. ಓಟು ಶುರು ಮಾಡೋಕೆ 18 ಅತ್ಯಂತ ಕೆಟ್ಟ ವಯಸ್ಸು.

ಯಾಕೆ? ಇಲ್ಲಿ 18 ಅಂದರೆ ಮಕ್ಕಳು ಮನೆ ಬಿಡುವ ವರ್ಷ. ಯೂನಿವರ್ಸಿಟಿಗೆ ಹೋಗುತ್ತಾರೆ. ಮೊದಲ ವರ್ಷ ಹಾಸ್ಟೆಲ್, ಎರಡನೇ ವರ್ಷ ನಾಲ್ಕೈದು ಜನ ಸೇರಿ ಹಿಡಿದ ಬಾಡಿಗೆ ಮನೆ, ಮೂರನೇ ವರ್ಷ ಇನ್ನೊಂದು ಮನೆ. ಪ್ರತಿ ಸಲ ವಿಳಾಸ ಬದಲು. ವಿಳಾಸ ಬದಲಾದಾಗೆಲ್ಲ ಮತದಾರರ ಪಟ್ಟಿಗೆ ಹೊಸದಾಗಿ ಅರ್ಜಿ. ಅಲ್ಲಿಯ ಕೌನ್ಸಿಲರ್ ಗೊತ್ತಿಲ್ಲ, ಬೂತ್ ಗೊತ್ತಿಲ್ಲ, ಊರಿನ ಜಗಳ ಗೊತ್ತಿಲ್ಲ. ಚುನಾವಣೆ ಯಾವಾಗಲೂ ಗುರುವಾರ, ರಜೆ ಇಲ್ಲ. ಜೀವನದ ಅಷ್ಟೊಂದು ಗೊಂದಲದ ಹೊತ್ತಿನಲ್ಲಿ "ಈಗ ಓಟಿನ ಅಭ್ಯಾಸ ಮಾಡಿಕೋ" ಅಂದರೆ ಹೇಗೆ? 16ರಲ್ಲಿ ಹಾಗಲ್ಲ. ಮನೆಯಲ್ಲೇ ಇರುತ್ತಾರೆ, ಶಾಲೆಯಲ್ಲಿ ಇರುತ್ತಾರೆ, ಅದೇ ಬೀದಿ, ಅದೇ ಬಸ್ಸು. ಅಪ್ಪ ಅಮ್ಮ ಓಟಿಗೆ ಹೊರಟಾಗ ಚಪ್ಪಲಿ ಮೆಟ್ಟಿಕೊಂಡು ಜೊತೆಗೆ ಬರಬಹುದು. ನಾನು 1999ರಲ್ಲಿ ಮೊದಲ ಓಟು ಹಾಕಿದ್ದೂ ಹಾಗೇ. ಅಜ್ಜಿಯ ಕೈ ಹಿಡಿದು ಕರಕೊಂಡು ಹೋಗಿದ್ದೆ. ಯಾರು ಯಾರನ್ನು ಕರೆದೊಯ್ದರೋ ಗೊತ್ತಿಲ್ಲ.

ಇದು ಬರೀ ನನ್ನ ಊಹೆ ಅಲ್ಲ. ಸ್ಕಾಟ್‌ಲೆಂಡ್ ಇದನ್ನು ಮಾಡಿ ನೋಡಿದೆ. 2014ರ ಸೆಪ್ಟೆಂಬರಿನಲ್ಲಿ ಸ್ವಾತಂತ್ರ್ಯದ ಪ್ರಶ್ನೆ ಮೇಲೆ ಅಲ್ಲಿ ಜನಮತ ನಡೆದಾಗ 16, 17ರವರಿಗೂ ಓಟು ಕೊಟ್ಟರು. ಶೇ 84.6ರಷ್ಟು ಜನ ಓಟು ಹಾಕಿದರು. ಆಮೇಲೆ ಸ್ಕಾಟಿಷ್ ಪಾರ್ಲಿಮೆಂಟ್ ಮತ್ತು ಸ್ಥಳೀಯ ಚುನಾವಣೆಗಳಿಗೂ 16 ಮಾಡಿದರು. ಎಡಿನ್‌ಬರೋ ಯೂನಿವರ್ಸಿಟಿಯ ಸಂಶೋಧಕರು ವರ್ಷಗಟ್ಟಲೆ ಹಿಂದೆ ಬಿದ್ದು ನೋಡಿದಾಗ ಕಂಡಿದ್ದು ಇಷ್ಟು: 16ರಲ್ಲಿ ಓಟು ಶುರು ಮಾಡಿದವರು ಇಪ್ಪತ್ತರ ಪ್ರಾಯ ದಾಟಿದ ಮೇಲೂ, 18ರಲ್ಲಿ ಶುರು ಮಾಡಿದವರಿಗಿಂತ ಹೆಚ್ಚಾಗಿ ಓಟು ಹಾಕುತ್ತಿದ್ದಾರೆ.

ಅದೇ ಸ್ಕಾಟ್‌ಲೆಂಡಿನ ಹುಡುಗರಿಗೆ 2016ರ ಬ್ರೆಕ್ಸಿಟ್ ಜನಮತದಲ್ಲಿ ಓಟಿರಲಿಲ್ಲ. ತಮ್ಮ ನಾಡು ಬ್ರಿಟನ್ನಿನಲ್ಲಿ ಇರಬೇಕೋ ಬೇಡವೋ ಅಂತ ತೀರ್ಮಾನಿಸುವಷ್ಟು ಬುದ್ಧಿ 2014ರಲ್ಲಿ ಅವರಿಗಿತ್ತು. ಎರಡು ವರ್ಷ ಕಳೆದ ಮೇಲೆ ಅದೇ ವಯಸ್ಸಿನವರು ಯುರೋಪಿನ ಬಗ್ಗೆ ಮಾತಾಡೋಕೆ ಚಿಕ್ಕವರಾದರು. ನಗಬೇಕೋ ಅಳಬೇಕೋ.

ಕಾನೂನು ಬದಲಾದರೆ ಸಾಕು ಅಂತ ನಾನು ಹೇಳುತ್ತಿಲ್ಲ. ವೇಲ್ಸ್‌ನಲ್ಲೂ 16 ಮಾಡಿದರು. 2021ರ ಅಲ್ಲಿನ ಚುನಾವಣೆಯಲ್ಲಿ 16, 17ರವರಲ್ಲಿ ಅರ್ಧಕ್ಕಿಂತ ಕಡಿಮೆ ಜನ ಪಟ್ಟಿಗೆ ಸೇರಿದ್ದರು. ಕೋವಿಡ್ ಕಾಲ, ಶಾಲೆಗಳ ಬಾಗಿಲು ಮುಚ್ಚಿ ತೆರೆದು ಆಗುತ್ತಿತ್ತು. ಶಾಲೆಯಿಂದ ಒಂದು ಮಾತು ಹೇಳುವವರೂ ಇಲ್ಲದಿದ್ದರೆ ಹಕ್ಕು ಕಾಗದದ ಮೇಲೇ ಉಳಿಯುತ್ತದೆ.

ಈ ಪಟ್ಟಿಯ ಕಥೆ ಸ್ವಲ್ಪ ವಿವರವಾಗಿ ಹೇಳಬೇಕು. ಮೊದಲು ಮನೆಗೊಂದು ಫಾರಂ ಬರುತ್ತಿತ್ತು. ಮನೆಯ ಒಬ್ಬರು ಎಲ್ಲರ ಹೆಸರು ಬರೆದು ಕಳಿಸಿದರೆ ಮುಗೀತು. ಯೂನಿವರ್ಸಿಟಿಗಳು ಹಾಸ್ಟೆಲಿನ ಹುಡುಗರನ್ನೆಲ್ಲ ಒಟ್ಟಿಗೆ ಸೇರಿಸಿಬಿಡುತ್ತಿದ್ದವು. ವಂಚನೆ ತಡೆಯೋಕೆ ಅಂತ 2014ರಲ್ಲಿ ಇದನ್ನು ಬದಲಾಯಿಸಿ, ಪ್ರತಿಯೊಬ್ಬರೂ ತಾವೇ ಅರ್ಜಿ ಹಾಕಬೇಕು ಅಂದರು. ಒಂದೇ ಮನೆಯಲ್ಲಿ ಮೂವತ್ತು ವರ್ಷದಿಂದ ಇರುವವರಿಗೆ ಇದರಿಂದ ಏನೂ ಆಗಲಿಲ್ಲ. ವರ್ಷಕ್ಕೊಂದು ಮನೆ ಬದಲಿಸುವವರು ಉದುರಿಹೋದರು. ಇಲ್ಲಿನ ಚುನಾವಣಾ ಆಯೋಗವೇ 2023ರಲ್ಲಿ ಹೇಳಿದ ಪ್ರಕಾರ ಸುಮಾರು 80 ಲಕ್ಷ ಜನರ ಹೆಸರು ಪಟ್ಟಿಯಲ್ಲಿ ಸರಿಯಾಗಿ ಇಲ್ಲ. 18, 19 ವಯಸ್ಸಿನವರಲ್ಲಿ ಹತ್ತಕ್ಕೆ ಆರು ಜನ ಮಾತ್ರ ಸರಿಯಾಗಿ ಸೇರಿದ್ದಾರೆ. 65 ದಾಟಿದವರಲ್ಲಿ ನೂರಕ್ಕೆ 96.

ಅದರ ಮೇಲೆ ಗುರುತಿನ ಚೀಟಿಯ ಪ್ರಸಂಗ. 2022ರ ಕಾನೂನಿನ ಪ್ರಕಾರ ಫೋಟೋ ಇರುವ ಗುರುತು ತೋರಿಸಲೇಬೇಕು. ನಮಗೆ ಭಾರತದವರಿಗೆ ಇದರಲ್ಲಿ ಆಶ್ಚರ್ಯ ಇಲ್ಲ, ನಾನೂ ವಿರೋಧಿ ಅಲ್ಲ. ಆದರೆ ನಮ್ಮಲ್ಲಿ ಮತದಾರರಿಗೆಲ್ಲ ಚುನಾವಣಾ ಆಯೋಗವೇ ಚೀಟಿ ಕೊಡುತ್ತದೆ. ಇಲ್ಲಿ ಹಾಗೆ ಎಲ್ಲರ ಕೈಯಲ್ಲೂ ಇರುವ ಚೀಟಿ ಇಲ್ಲ. ಬೇಕು ಅನ್ನುವವರು ಪುಕ್ಕಟೆ ಒಂದು ಪತ್ರ ಮಾಡಿಸಿಕೊಳ್ಳಬಹುದು, ಅದಕ್ಕೂ ಅರ್ಜಿ. ಹಾಗಾಗಿ ಯಾವ ಕಾರ್ಡ್ ನಡೆಯುತ್ತೆ, ಯಾವುದು ನಡೆಯಲ್ಲ ಅಂತ ಪಟ್ಟಿ ಮಾಡಿದರು. ವಯಸ್ಸಾದವರ ಬಸ್ ಪಾಸ್ ನಡೆಯುತ್ತೆ. ಲಂಡನ್ನಿನ 60 ದಾಟಿದವರ ಆಯ್ಸ್ಟರ್ ಕಾರ್ಡ್ (ಬಸ್ಸು, ರೈಲಿನ ಪಾಸ್) ನಡೆಯುತ್ತೆ. ವಿದ್ಯಾರ್ಥಿಗಳ ಆಯ್ಸ್ಟರ್ ಕಾರ್ಡ್? ಅದರಲ್ಲೂ ಫೋಟೋ ಇದೆ. ನಡೆಯಲ್ಲ. ಯುವಕರ ರೈಲ್ ಕಾರ್ಡ್? ನಡೆಯಲ್ಲ. ಯೂನಿವರ್ಸಿಟಿ ಕಾರ್ಡ್? ನಡೆಯಲ್ಲ. ಇದನ್ನು ಬರೆದವರು ಒಂದು ಸಲವಾದರೂ ಕನ್ನಡಿ ನೋಡಿಕೊಂಡಿದ್ದರಾ ಅಂತ ನನಗೆ ಅನುಮಾನ.

2023ರ ಮೇ ತಿಂಗಳ ಸ್ಥಳೀಯ ಚುನಾವಣೆಯಲ್ಲಿ ಈ ನಿಯಮ ಮೊದಲು ಜಾರಿಗೆ ಬಂದಾಗ ಸುಮಾರು 14 ಸಾವಿರ ಜನ ಬೂತ್‌ವರೆಗೆ ಬಂದು ಓಟು ಹಾಕದೆ ವಾಪಸ್ ಹೋದರು. ಮರುವರ್ಷ ಈ ಕಾನೂನು ತಂದ ಸರ್ಕಾರದ ಪ್ರಧಾನಿಯಾಗಿದ್ದ ಬೋರಿಸ್ ಜಾನ್ಸನ್ ಅವರೇ ಕಾರ್ಡ್ ಮರೆತು ಹೋಗಿ ಬೂತಿನಿಂದ ವಾಪಸ್ ಬರಬೇಕಾಯಿತು. ಆಮೇಲೆ ತಂದು ಹಾಕಿದರು ಅನ್ನಿ.

ನಮ್ಮ ಮನೆ ಹತ್ತಿರ ದಾವಣಗೆರೆಯ ಒಬ್ಬ ಹುಡುಗ ಇದ್ದ, ಎಂಎಸ್ಸಿ ಓದೋಕೆ ಬಂದವನು. ಓಟಿನ ಹಕ್ಕಿದೆ ಅಂತ ನಾನು ಹೇಳಿದಾಗ ನಂಬಲೇ ಇಲ್ಲ. "ಅಕ್ಕಾ, ಸುಮ್ನೆ ಹೇಳ್ಬೇಡಿ, ವೀಸಾ ಕ್ಯಾನ್ಸಲ್ ಆಗುತ್ತೆ" ಅಂದ. ಕುಳ್ಳಿರಿಸಿ ಆನ್‌ಲೈನ್ ಅರ್ಜಿ ತುಂಬಿಸಿದೆ. 2024ರ ಜುಲೈ 4ರಂದು ಯೂನಿವರ್ಸಿಟಿ ಕಾರ್ಡ್ ಹಿಡಿದು ಹೋದ. ವಾಪಸ್ ಕಳಿಸಿದರು. ಪಾಸ್‌ಪೋರ್ಟ್ ಮನೆಯ ಸೂಟ್‌ಕೇಸಿನಲ್ಲಿತ್ತು, ಅವನಿಗೆ ಮಧ್ಯಾಹ್ನ ಎರಡಕ್ಕೆ ಗೋದಾಮಿನಲ್ಲಿ ಶಿಫ್ಟ್ ಇತ್ತು. ರಾತ್ರಿ ಹತ್ತಕ್ಕೆ ಬೂತ್ ಮುಚ್ಚುತ್ತೆ, ಅವನ ಶಿಫ್ಟ್ ಮುಗಿಯೋದೂ ಹತ್ತಕ್ಕೇ. ಅವತ್ತು ತಡರಾತ್ರಿಯ ಟಿವಿಯಲ್ಲಿ ಯಾರೋ, "ಯುವಕರು ಈ ಸಲವೂ ಆಸಕ್ತಿ ತೋರಲಿಲ್ಲ" ಅನ್ನುತ್ತಿದ್ದರು.

"ಹೋಗ್ಲಿ ಬಿಡಿ ಅಕ್ಕ, ನನ್ನ ಒಂದು ಓಟಿಂದ ಏನಾಗ್ತಿತ್ತು" ಅಂದ ಅವನು. ಆ ಚುನಾವಣೆಯಲ್ಲಿ ಲಂಡನ್ನಿನ ಹೆಂಡನ್ ಕ್ಷೇತ್ರ ತೀರ್ಮಾನವಾಗಿದ್ದು 15 ಓಟಿನಿಂದ. ನಾರ್ತ್ ವೆಸ್ಟ್ ಕೇಂಬ್ರಿಡ್ಜ್‌ಶೈರ್‌ನಲ್ಲಿ 22 ವರ್ಷದ ಸ್ಯಾಮ್ ಕಾರ್ಲಿಂಗ್ 39 ಓಟಿನಿಂದ ಗೆದ್ದು ಸಂಸತ್ತಿನ ಅತಿ ಕಿರಿಯ ಸದಸ್ಯರಾದರು. ಆದರೆ ಅವನ ಮುಖ ನೋಡಿ ಹೇಳಬೇಕು ಅನ್ನಿಸಲಿಲ್ಲ. ಸುಸ್ತಾಗಿದ್ದ.

ಆ ಚುನಾವಣೆಯಲ್ಲಿ ಒಟ್ಟು ಓಟು ಬಿದ್ದಿದ್ದು ಶೇ 60ಕ್ಕೂ ಒಂದು ಕೂದಲು ಕಡಿಮೆ. 1950ರಲ್ಲಿ ಇದೇ ದೇಶದಲ್ಲಿ ಶೇ 84ರ ಹತ್ತಿರ ಇತ್ತು. ಯಾವ ವಯಸ್ಸಿನವರು ಎಷ್ಟು ಹಾಕಿದರು ಅಂತ ಬೂತಿನಲ್ಲಿ ಲೆಕ್ಕ ಇಡಲ್ಲ. ಆದರೆ ಯಾವ ಸಮೀಕ್ಷೆ ತೆಗೆದರೂ ಅಜ್ಜ ಅಜ್ಜಿಯರು ಮೊಮ್ಮಕ್ಕಳಿಗಿಂತ ಬಹಳ ಮುಂದೆ. ರಾಜಕಾರಣಿಗಳಿಗೆ ಇದು ಬಾಯಿಪಾಠ. ಅದರ ಫಲ ನೋಡಿ.

2024ರ ಜುಲೈನಲ್ಲಿ ಹೊಸ ಲೇಬರ್ ಸರ್ಕಾರ, ಪಿಂಚಣಿದಾರರಿಗೆ ಚಳಿಗಾಲದಲ್ಲಿ ಕೊಡುತ್ತಿದ್ದ 200, 300 ಪೌಂಡ್ ಇಂಧನ ಭತ್ಯೆಯನ್ನು ತೀರಾ ಬಡವರಿಗೆ ಮಾತ್ರ ಅಂತ ಮಾಡಿತು. ದೇಶವೇ ಎದ್ದು ನಿಂತಿತು. 2025ರ ಮೇನಲ್ಲಿ ಸ್ಥಳೀಯ ಚುನಾವಣೆಯಲ್ಲಿ ಲೇಬರ್ ಮಣ್ಣುಮುಕ್ಕಿತು. ಜೂನ್‌ನಲ್ಲಿ, ವರ್ಷಕ್ಕೆ 35 ಸಾವಿರ ಪೌಂಡ್‌ವರೆಗೆ ಆದಾಯ ಇರುವ ಹಿರಿಯರಿಗೆಲ್ಲ ಭತ್ಯೆ ವಾಪಸ್. ಹನ್ನೊಂದು ತಿಂಗಳು ಅಷ್ಟೇ.

ಈಗ ಇನ್ನೊಂದು ಭತ್ಯೆ. 16 ದಾಟಿ ಓದು ಮುಂದುವರಿಸುವ ಬಡ ಮನೆಯ ಮಕ್ಕಳಿಗೆ ವಾರಕ್ಕೆ 30 ಪೌಂಡ್‌ವರೆಗೆ ಕೊಡುತ್ತಿದ್ದರು. ಬಸ್ಸಿಗೆ, ಊಟಕ್ಕೆ ಆಗುತ್ತಿತ್ತು. 2010ರಲ್ಲಿ ಬಂದ ಸಮ್ಮಿಶ್ರ ಸರ್ಕಾರ ಇಂಗ್ಲೆಂಡಿನಲ್ಲಿ ಅದನ್ನು ತೆಗೆದುಹಾಕಿತು. ಹೋದದ್ದು ಇವತ್ತಿಗೂ ವಾಪಸ್ ಬಂದಿಲ್ಲ. ಆ ಮಕ್ಕಳು ಬೀದಿಗಿಳಿದರು, ಕೂಗಿದರು. ಓಟು ಮಾತ್ರ ಇರಲಿಲ್ಲ. 16ಕ್ಕೆ ಓಟಿರುವ ಸ್ಕಾಟ್‌ಲೆಂಡ್, ವೇಲ್ಸ್‌ನಲ್ಲಿ ಆ ಭತ್ಯೆ ಈಗಲೂ ಇದೆ. ಸ್ಕಾಟ್‌ಲೆಂಡಿನಲ್ಲಿ 22ರ ಒಳಗಿನವರಿಗೆ ಬಸ್ಸೂ ಪುಕ್ಕಟೆ. ಓಟು ಕೊಟ್ಟಿದ್ದಕ್ಕೇ ಇದೆಲ್ಲ ಸಿಕ್ಕಿತು ಅಂತ ಅಡ್ಡಗೋಡೆ ಮೇಲೆ ದೀಪ ಇಡಲ್ಲ, ನೇರವಾಗೇ ಹೇಳುತ್ತೇನೆ: ಅಷ್ಟು ಸರಳ ಅಲ್ಲ. ಉತ್ತರ ಐರ್ಲೆಂಡಿನಲ್ಲೂ ಭತ್ಯೆ ಇದೆ, 16ಕ್ಕೆ ಓಟಿಲ್ಲ. ಆದರೂ ಆ ಹನ್ನೊಂದು ತಿಂಗಳನ್ನೂ ಈ ಹದಿನೈದು ವರ್ಷವನ್ನೂ ಅಕ್ಕಪಕ್ಕ ಇಟ್ಟು ನೋಡಿದಾಗ ನನ್ನ ಹೊಟ್ಟೆ ಉರಿಯುತ್ತದೆ.

ಇನ್ನು ಕಾಲೇಜು ಶುಲ್ಕ. ಇಲ್ಲಿನ ಒಂದು ಇಡೀ ತಲೆಮಾರಿನ ನಂಬಿಕೆ ಮುರಿದದ್ದು ಅಲ್ಲೇ. 2010ರ ಚುನಾವಣೆಗೆ ಮುಂಚೆ ಲಿಬರಲ್ ಡೆಮಾಕ್ರಟ್ ಪಕ್ಷದ ಅಭ್ಯರ್ಥಿಗಳು, ಶುಲ್ಕ ಏರಿಕೆಗೆ ವಿರುದ್ಧ ಓಟು ಹಾಕುತ್ತೇವೆ ಅಂತ ವಿದ್ಯಾರ್ಥಿ ಸಂಘದ ಪ್ರಮಾಣಪತ್ರಕ್ಕೆ ಸಹಿ ಮಾಡಿ, ಅದನ್ನು ಎತ್ತಿ ಹಿಡಿದು ಫೋಟೋ ತೆಗೆಸಿಕೊಂಡರು. ಹುಡುಗರು ನಂಬಿ ಓಟು ಹಾಕಿದರು. ಡಿಸೆಂಬರ್ ಹೊತ್ತಿಗೆ ಅದೇ ಪಕ್ಷ ಸರ್ಕಾರದಲ್ಲಿ ಕುಳಿತು, ಶುಲ್ಕದ ಮಿತಿಯನ್ನು 3 ಸಾವಿರ ಚಿಲ್ಲರೆಯಿಂದ 9 ಸಾವಿರ ಪೌಂಡಿಗೆ ಏರಿಸಲು ನೆರವಾಯಿತು. ನಾಯಕ ನಿಕ್ ಕ್ಲೆಗ್ 2012ರಲ್ಲಿ ಕ್ಷಮೆ ಕೇಳಿದರು. 2015ರಲ್ಲಿ ಪಕ್ಷ 57 ಸೀಟಿನಿಂದ 8ಕ್ಕೆ ಇಳಿಯಿತು. 2017ರಲ್ಲಿ ಅವರೇ ಸೋತರು. ಆಮೇಲೆ ಎಲ್ಲಿಗೆ ಹೋದರು ಗೊತ್ತಾ? ನೀವು ಈಗ ಈ ಬರಹ ಓದುತ್ತಿರುವ ಫೇಸ್‌ಬುಕ್ಕಿಗೇ, ದೊಡ್ಡ ಹುದ್ದೆಗೆ. 2025ರವರೆಗೂ ಇದ್ದರು.

ಲೇಬರ್ ಏನು ಸಾಚಾ ಅಲ್ಲ. ಶುಲ್ಕ ಶುರು ಮಾಡಿದ್ದೇ ಅವರು, 1998ರಲ್ಲಿ, ಸಾವಿರ ಪೌಂಡಿನಿಂದ. 2024ರಲ್ಲಿ ಪ್ರಧಾನಿಯಾದ ಕೀರ್ ಸ್ಟಾರ್ಮರ್ 2020ರಲ್ಲಿ ಪಕ್ಷದ ನಾಯಕತ್ವಕ್ಕೆ ನಿಂತಾಗ ಶುಲ್ಕ ತೆಗೆಯುತ್ತೇನೆ ಅಂದಿದ್ದರು. 2023ರಲ್ಲಿ ಆ ಮಾತು ಬಿಟ್ಟರು. 2025ರಲ್ಲಿ ಅವರ ಸರ್ಕಾರವೇ ಅದನ್ನು 9,535 ಪೌಂಡಿಗೆ ಏರಿಸಿತು. ನನ್ನ ಮಗಳು ಸಾಲ ಮಾಡಿ ಓದಿದರೆ, ಸಂಬಳ ಒಂದು ಮಿತಿ ದಾಟಿದ ಮೇಲೆ ಅದರ ಮೇಲಿನ ಪ್ರತಿ ಪೌಂಡಿಗೆ ಶೇ 9 ಕಟ್ಟುತ್ತಾ ಹೋಗಬೇಕು. ತೀರದಿದ್ದರೆ 40 ವರ್ಷ. ಅಂದರೆ 60 ದಾಟುವವರೆಗೆ. ಅವಳ ಸಾಲದ ಲೆಕ್ಕ ಬರೆಯುತ್ತಿರುವವರನ್ನು ಆರಿಸಿದಾಗ ಅವಳು ಎಸ್‌ಎಸ್‌ಎಲ್‌ಸಿ ಪ್ರಾಯಕ್ಕೂ ಬಂದಿರಲಿಲ್ಲ.

ನಮ್ಮ ಅಳಿಯಂದಿರನ್ನೂ ಬಿಡಬಾರದು. ರಿಷಿ ಸುನಕ್ 2024ರ ಚುನಾವಣೆ ಘೋಷಿಸಿದ ಕೆಲವೇ ದಿನಕ್ಕೆ ಹೇಳಿದ್ದೇನು? 18 ತುಂಬಿದವರಿಗೆಲ್ಲ ಕಡ್ಡಾಯ ರಾಷ್ಟ್ರಸೇವೆ. ಸೈನ್ಯದಲ್ಲಿ ಒಂದು ವರ್ಷ, ಇಲ್ಲವೇ ತಿಂಗಳಿಗೊಂದು ವಾರಾಂತ್ಯ ಸಮಾಜಸೇವೆ. 18ರವರ ಬಗ್ಗೆ ಆಡಿದ ಮಾತು, ಕೇಳಿಸಬೇಕಾಗಿದ್ದು 70ರವರಿಗೆ. ಬೆಂಗಳೂರಿನ ಅಳಿಯ ಅಂತ ನನಗೂ ಒಂದು ಮೂಲೆಯಲ್ಲಿ ಪ್ರೀತಿ ಇತ್ತು. ಅವತ್ತು ಮಗಳ ಎದುರು ಅವರ ಪರ ಮಾತಾಡೋಕೆ ಬಾಯಿ ಬರಲಿಲ್ಲ.

16ಕ್ಕೆ ಓಟು ಬೇಡ ಅನ್ನುವವರ ವಾದಗಳಲ್ಲಿ ಒಂದಕ್ಕೆ ತೂಕ ಇದೆ. ಮದುವೆಯ ವಯಸ್ಸನ್ನು ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2023ರಲ್ಲಿ 16ರಿಂದ 18ಕ್ಕೆ ಏರಿಸಿದರು, ಬಿಯರ್ ಕೊಳ್ಳೋಕೂ 18 ಬೇಕು, ಹಾಗಿದ್ದ ಮೇಲೆ ಓಟು ಮಾತ್ರ ಯಾಕೆ ಇಳಿಯಬೇಕು? ನನ್ನ ಉತ್ತರ: ಮದುವೆ, ಬಿಯರ್‌ಗೆ ವಯಸ್ಸು ಇಟ್ಟಿದ್ದು ಮಕ್ಕಳನ್ನು ಕಾಪಾಡೋಕೆ. ಓಟಿನಿಂದ ಯಾರನ್ನು ಕಾಪಾಡಬೇಕು? ಶನಿವಾರ ಕೆಫೆಯಲ್ಲಿ ತಟ್ಟೆ ತೊಳೆಯುವ 16ರ ಹುಡುಗಿಗೆ 2025ರ ಏಪ್ರಿಲ್‌ನಲ್ಲಿ ಕನಿಷ್ಠ ಕೂಲಿ ಗಂಟೆಗೆ 7.55 ಪೌಂಡ್ ಇತ್ತು. ಪಕ್ಕದಲ್ಲೇ ಅದೇ ತಟ್ಟೆ ತೊಳೆಯುವ 21ರವಳಿಗೆ 12.21. ಈ ವ್ಯತ್ಯಾಸದ ಬಗ್ಗೆ ಅವಳು ಯಾರನ್ನು ಕೇಳಬೇಕು?

ಲೇಬರ್ ಇದನ್ನು ತನ್ನ ಓಟಿಗಾಗಿ ಮಾಡುತ್ತಿದೆ ಅನ್ನುವ ವಾದಕ್ಕೆ ಮಾತ್ರ ನನಗೆ ನಗು ಬರುತ್ತದೆ. 1969ರಲ್ಲಿ ಓಟಿನ ವಯಸ್ಸನ್ನು 21ರಿಂದ 18ಕ್ಕೆ ಇಳಿಸಿದ್ದು ಹೆರಾಲ್ಡ್ ವಿಲ್ಸನ್ನರ ಲೇಬರ್ ಸರ್ಕಾರ. 1970ರಲ್ಲಿ ಸೋತರು. ಭಾರತದಲ್ಲಿ 1989ರಲ್ಲಿ ಅದೇ ಬದಲಾವಣೆ ಜಾರಿಗೆ ತಂದದ್ದು ರಾಜೀವ್ ಗಾಂಧಿ ಸರ್ಕಾರ. ಅದೇ ವರ್ಷ ಸೋತರು. ಆಗ ನಮ್ಮ ಚಿಕ್ಕಪ್ಪನಿಗೆ 19. ತಾತ, "ಮೀಸೆ ಬಲಿಯದವನಿಗೆ ಓಟಂತೆ" ಅಂತ ಜಗಲಿಯಲ್ಲಿ ಕೂತು ಗೊಣಗುತ್ತಿದ್ದದ್ದು ನನಗೆ ಮಸುಕು ಮಸುಕಾಗಿ ನೆನಪಿದೆ. ಈಗ ಆ ಚಿಕ್ಕಪ್ಪನೇ ನಮ್ಮ ಫ್ಯಾಮಿಲಿ ಗ್ರೂಪಿನಲ್ಲಿ, "16ರ ಮಕ್ಕಳಿಗೆ ಓಟಾ? ಬ್ರಿಟಿಷರಿಗೆ ತಲೆ ಕೆಟ್ಟಿದೆ" ಅಂತ ಹಾಕಿದ್ದಾರೆ.

ಜುಲೈನ ಅದೇ ಯೋಜನೆಯಲ್ಲಿ ಇನ್ನೆರಡು ಮಾತು ಇವೆ. ಬ್ಯಾಂಕ್ ಕಾರ್ಡನ್ನೂ ಗುರುತಾಗಿ ಒಪ್ಪುವುದು, ಮತ್ತು ಜನರನ್ನು ಪಟ್ಟಿಗೆ ತಾನಾಗಿಯೇ ಸೇರಿಸುವ ವ್ಯವಸ್ಥೆಯ ಕಡೆಗೆ ಹೋಗುವುದು. ಪತ್ರಿಕೆಗಳೆಲ್ಲ 16, 16 ಅಂತ ಕುಣಿದವು. ನನ್ನ ಕೇಳಿದರೆ ಈ ಕೊನೆಯದೇ ದೊಡ್ಡದು. ಆ ತೆರಿಗೆ ಲಕೋಟೆಯ ಜೊತೆ ಇನ್ನೊಂದು ಹಾಳೆ ಇಟ್ಟಿದ್ದರೆ ಕೆಲಸ ಮುಗಿಯುತ್ತಿತ್ತು ಅಲ್ವಾ?

ಸದ್ಯಕ್ಕೆ ನಾವೇ ಮಾಡಿಕೊಂಡೆವು. ಓಟು ಹಾಕೋಕೆ 18 ಆಗಬೇಕಾದರೂ ಇಂಗ್ಲೆಂಡಿನಲ್ಲಿ 16ಕ್ಕೇ ಹೆಸರು ಸೇರಿಸಬಹುದು. ಹುಟ್ಟುಹಬ್ಬದ ಮಾರನೇ ದಿನ ಮಗಳು ಅದೇ ನಂಬರ್ ಹಾಕಿ ಫಾರಂ ತುಂಬಿದಳು. ಐದು ನಿಮಿಷ. ತಮ್ಮ ಹಿಂದೆ ನಿಂತು ನೋಡುತ್ತಿದ್ದ.

ಇಲ್ಲಿರುವ ನಮ್ಮ ಕನ್ನಡದ ಹುಡುಗರು ಯಾರಾದರೂ ಇದನ್ನು ಓದುತ್ತಿದ್ದರೆ: ನಿಮಗೂ ಹಕ್ಕಿದೆ, ವೀಸಾ ಕ್ಯಾನ್ಸಲ್ ಆಗಲ್ಲ. ಯೂನಿವರ್ಸಿಟಿ ಕಾರ್ಡ್ ಮನೆಯಲ್ಲಿ ಬಿಡಿ, ಪಾಸ್‌ಪೋರ್ಟ್ ತಗೊಂಡು ಹೋಗಿ.

ದಾವಣಗೆರೆ ಹುಡುಗ ಈಗ ಸ್ಲೌನಲ್ಲಿದ್ದಾನೆ, ಕೆಲಸ ಸಿಕ್ಕಿದೆ. ಮೊನ್ನೆ ಬುಧವಾರ ಫೋನ್ ಮಾಡಿದ್ದ.

"ಅಕ್ಕಾ, ಮತ್ತೆ ಮನೆ ಬದಲಾಯಿಸಿದೆ. ಆ ಫಾರಂ ಮತ್ತೆ ತುಂಬ್ಬೇಕಾ?"

"ಹೂಂ ಕಣೋ."

"ಮೂರನೇ ಸಲ ಅಕ್ಕಾ ಇದು."